ಭೂಗೋಳದ ಪಾಠದಲ್ಲಿ ವಲಸೆ: ತೋಟದ ಸೀಮೆಯ ಮಕ್ಕಳಿಗೆ ಹೇಗೆ ಹೇಳಿಕೊಡೋದು?

ಹೇಮಾವತಿ ದಂಡೆ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಜನಸಂಖ್ಯೆಯ ಅಧ್ಯಾಯ ಹತ್ತಿರ ಬರ್ತಾ ಇದೆ. ಅದರಲ್ಲಿ ವಲಸೆಗೆ ಸಿಗೋ ಜಾಗ ಸ್ವಲ್ಪವೇ: ಅರ್ಥ, ಒಳವಲಸೆ, ಹೊರವಲಸೆ, ಕಾರಣ, ಪರಿಣಾಮ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು, ನಮ್ಮ ಕಡೆ ಮಕ್ಕಳಿಗೆ ಸಾಲದು.

ನನ್ನ ತರಗತಿಯಲ್ಲಿ ಯಾರ್ಯಾರು ಇದ್ದಾರೆ ನೋಡಿ. ತೋಟದ ಮಾಲೀಕರ ಮಗ, ಅದೇ ತೋಟದ ಲೆಕ್ಕ ಬರೆಯೋ ರೈಟರ ಮಗಳು, ತಾತನ ಕಾಲದಲ್ಲಿ ಘಟ್ಟ ಹತ್ತಿ ಬಂದು ಇಲ್ಲೇ ಅಂಗಡಿ ಹಾಕಿದ ಬ್ಯಾರಿ ಕುಟುಂಬದ ಹುಡುಗ, ಮನೇಲಿ ತಮಿಳು ಆಡುವ, ತೋಟದ ಕೂಲಿಯವರ ಸಾಲು ಮನೆ ಅಂದರೆ ಲೈನ್ ಮನೆಯ ಮಕ್ಕಳು, ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳು. ಹೋದ ವರ್ಷ ಬೋರ್ಡಿನ ಮೇಲೆ ಪಾಠದ ಹೆಸರು ಬರೆದು ಈ ಕಡೆ ತಿರುಗಿದರೆ ಇಡೀ ತರಗತಿ ಕೊನೇ ಬೆಂಚನ್ನು ನೋಡ್ತಾ ಇತ್ತು. ಅಲ್ಲಿ ಕೂರುವ ಅಸ್ಸಾಮಿನ ಹುಡುಗಿ ನೋಟ್‌ಬುಕ್ಕಿನ ಮೇಲೆ ಬಗ್ಗಿ ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡ್ತಿದ್ದಳು. ತಾನೂ ಈ ಪಾಠದೊಳಗೆ ಇದ್ದೀನಿ ಅಂತ ಬೇರೆ ಒಬ್ಬರಿಗೂ ಅನ್ನಿಸಿದ ಹಾಗೆ ಕಾಣಲಿಲ್ಲ.

ಹುಡುಗರು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ತರಗತಿಗೆ ತರ್ತಾರೆ. 'ಮಿಸ್, ಇವರೆಲ್ಲ ಬಾಂಗ್ಲಾದವರಂತೆ, ಹೌದಾ?' ಅಂತ ಎಲ್ಲರ ಎದುರಿಗೇ ಕೇಳ್ತಾರೆ. ಸುಮ್ನಿರು ಅಂತ ಗದರಿಸಿದರೆ ಪ್ರಶ್ನೆ ಹೊರಗೆ ಹೋಗಿ ಇನ್ನೂ ಕೆಟ್ಟದಾಗಿ ಬೆಳೆಯುತ್ತೆ. ಬೇರೆ ದೇಶದಿಂದ ಬಂದು ನೆಲೆಸೋದು ಅಂದರೇನು, ಜನ ಯಾಕೆ ಬರ್ತಾರೆ, ಕಾನೂನು ಏನು ಹೇಳುತ್ತೆ ಅನ್ನೋದನ್ನು ಮುಚ್ಚಿಡದೆ ಹೇಳಬೇಕು. ಅದೇ ಹೊತ್ತಿಗೆ ಆ ಬೆಂಚಿನ ಮಗು ಮಾರನೇ ದಿನವೂ ಶಾಲೆಗೆ ಬರಬೇಕು. ಪಾಠ ಮಾಡಿ ಅನುಭವ ಇರುವವರು, ತೋಟದವರು, ಪೋಷಕರು ದಯವಿಟ್ಟು ಹೇಳಿ.

ಜನಗಣತಿ ಮೇಷ್ಟ್ರು (ಹಾಸನ)

ಮೇಡಂ, ಪಿಯು ಮಕ್ಕಳಿಗೆ ಭೂಗೋಳ ಹೇಳ್ತೀನಿ. ಬಹಳ ಮುಖ್ಯವಾದ ವಿಷಯ ಎತ್ತಿದ್ದೀರಿ.

ಮೊದಲ ಪೀರಿಯಡ್ಡಿನಲ್ಲಿ ಅಸ್ಸಾಂ, ಬಾಂಗ್ಲಾ, ಅಮೆರಿಕ ಯಾವುದರ ಹೆಸರೂ ಬೇಡ. ಒಂದೇ ಒಂದು ಪ್ರಶ್ನೆ ಕೇಳಿ: 'ನಿಮ್ಮಮ್ಮ ಹುಟ್ಟಿದ್ದು ಯಾವ ಊರಲ್ಲಿ?' ಬಾಳ್ಳುಪೇಟೆ, ಆಲೂರು, ಮೂಡಿಗೆರೆ, ಸೋಮವಾರಪೇಟೆ ಅಂತ ಶುರುವಾಗುತ್ತೆ. ನಮ್ಮ ದೇಶದ ಜನಗಣತಿ ವಲಸೆಯನ್ನು ಅಳೆಯೋದು ಎರಡು ರೀತಿ: ಹುಟ್ಟಿದ ಊರು ಯಾವುದು, ಹಿಂದೆ ವಾಸವಿದ್ದ ಊರು ಯಾವುದು. ಎಣಿಕೆ ಮಾಡುವ ಊರು ಅದಕ್ಕಿಂತ ಬೇರೆ ಆದರೆ ಆ ವ್ಯಕ್ತಿ ವಲಸೆಗಾರ. 2011ರ ಲೆಕ್ಕದಲ್ಲಿ ಹಾಗೆ ಎಣಿಸಿದವರು ಸುಮಾರು 45 ಕೋಟಿ, ಅಂದರೆ ದೇಶದ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಹೆಂಗಸರು ಊರು ಬಿಟ್ಟ ಕಾರಣಗಳಲ್ಲಿ ಮದುವೆಗೇ ಮೊದಲ ಸ್ಥಾನ. ರಾಜ್ಯದ ಗಡಿ ದಾಟಿದವರು ಸುಮಾರು 5.4 ಕೋಟಿ ಮಾತ್ರ. ಈ ಅಂಕಿ ಬೋರ್ಡಿಗೆ ಬಂದ ಮೇಲೆ ಕೊನೇ ಬೆಂಚಿನ ಕಡೆ ತಿರುಗೋಕೆ ಕಾರಣವೇ ಉಳಿಯೋಲ್ಲ. ಎಲ್ಲರ ಅಮ್ಮನೂ ಪಟ್ಟಿಯಲ್ಲಿ ಇರ್ತಾರೆ.

ಇನ್ನೊಂದು ವಿಷಯ. ದೂಡುವ ಕಾರಣ, ಸೆಳೆಯುವ ಕಾರಣ ಅಂತ ಎರಡು ಕಾಲಂ ಹಾಕಿಸಿ ಮುಗಿಸಿಬಿಡ್ತೀವಿ. 1966ರಲ್ಲಿ ಎವರೆಟ್ ಲೀ ಇದನ್ನು ಬರೆದಾಗ ಮಧ್ಯದ ಅಡೆತಡೆಗಳನ್ನೂ ಸೇರಿಸಿದ್ದರು. ನಾವು ಬಿಟ್ಟುಬಿಡೋದು ಅದನ್ನೇ. ಭೂಗೋಳ ಇರೋದೇ ಅಲ್ಲಿ. ಘಟ್ಟ, ನದಿ, ಟಿಕೆಟ್ಟಿನ ದುಡ್ಡು, ಭಾಷೆ, ಗಡಿ, ವೀಸಾ ಎಲ್ಲ ಆ ಕಾಲಂನಲ್ಲಿ ಬರುತ್ತೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದರೆ ಏನಾಗುತ್ತೆ ಅಂತ ನಿಮ್ಮ ಮಕ್ಕಳಿಗೆ ಪುಸ್ತಕ ಹೇಳಬೇಕಾಗಿಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ರೈಲು ಬಂತು. ಅದಕ್ಕೆ ಮುಂಚೆ ಹಾಸನದಿಂದ ರೈಲಲ್ಲಿ ಹೋಗೋಕೆ ಅರಸೀಕೆರೆ ಸುತ್ತಬೇಕಿತ್ತು. ಅಡೆತಡೆ ಇಳಿಯೋದು ಅಂದರೆ ಏನು ಅಂತ ಅದರಲ್ಲೇ ತೋರಿಸಬಹುದು.

ಕರಿಮೆಣಸು ಬಳ್ಳಿ (ಮೂಡಿಗೆರೆ)

ಟೀಚರಮ್ಮ, ನಾನು ತೋಟದವನು. ಸಣ್ಣ ಬೆಳೆಗಾರ, ದೊಡ್ಡ ಎಸ್ಟೇಟ್ ಅಲ್ಲ. ನಮ್ಮಲ್ಲಿ ಆಳು ಬಂದ ದಾರಿ ಹೇಳ್ತೀನಿ, ಪಾಠಕ್ಕೆ ಬೇಕಾದರೆ ಬಳಸಿಕೊಳ್ಳಿ.

ನಮ್ಮಜ್ಜನ ಕಾಲದಲ್ಲಿ ಆಳು ಬರ್ತಿದ್ದುದು ಘಟ್ಟದ ಕೆಳಗಿನಿಂದ. ಮೇಸ್ತ್ರಿಗೆ ಮುಂಗಡ ಕೊಟ್ಟು ಕಳಿಸೋದು, ಕೆಳಗೆ ಗದ್ದೆ ಕೊಯ್ಲು ಮುಗಿದ ಮೇಲೆ ಅವನು ಗುಂಪು ಕಟ್ಟಿಕೊಂಡು ಚಾರ್ಮಾಡಿ ಹತ್ತಿ ಬರೋದು. ಹಣ್ಣು ಕುಯ್ದು, ಮುಂಗಾರು ಹಿಡಿಯೋ ಮುಂಚೆ ನಾಟಿಗೆ ಅಂತ ವಾಪಸ್. ಇಲ್ಲಿ ಅರೇಬಿಕಾ ಹಣ್ಣಾಗೋದು ನವೆಂಬರಿನಿಂದ ಜನವರಿ, ಅದರ ಬೆನ್ನಿಗೆ ರೋಬಸ್ಟಾ. ಅಲ್ಲಿ ಗದ್ದೆಗೆ ಬಿಡುವು ಇದ್ದಾಗ ಇಲ್ಲಿ ಕೆಲಸ, ಇಲ್ಲಿ ಬಿಡುವಾದಾಗ ಅಲ್ಲಿ ಕೆಲಸ. ಎರಡು ಬೆಳೆಯ ಕ್ಯಾಲೆಂಡರ್ ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಜನ ಯಾವಾಗ ಹತ್ತುತ್ತಾರೆ, ಯಾವಾಗ ಇಳೀತಾರೆ ಅಂತ ಮಕ್ಕಳೇ ಹೇಳ್ತಾರೆ.

ಆಮೇಲೆ ತಮಿಳು ಜನ ಬಂದರು, ಲೈನಿನಲ್ಲೇ ಉಳಿದರು. ಬಯಲುಸೀಮೆಯವರು, ಉತ್ತರ ಕರ್ನಾಟಕದವರು ಬಂದರು. ಅವರ ಮಕ್ಕಳು ಓದಿದರು, ಬೆಂಗಳೂರು ಸೇರಿದರು, ಗಾರ್ಮೆಂಟ್ಸೋ ಡ್ರೈವಿಂಗೋ ಹಿಡಿದರು. ಹಣ್ಣು ಕುಯ್ಯೋಕೆ ಬನ್ನಿ ಅಂದರೆ ಯಾಕೆ ಬರ್ತಾರೆ? ಬರಬಾರದು ಕೂಡ, ಓದಿಸಿದ್ದೇ ಅದಕ್ಕೆ. ಆ ಜಾಗ ಖಾಲಿ ಆಗಿದ್ದಕ್ಕೆ ಈಗ ಅಸ್ಸಾಮಿನಿಂದ ರೈಲು ಹತ್ತಿ ಬರ್ತಿದ್ದಾರೆ. ಅವರಿಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರೋದು, ಇದು ನಾನು ಯಾರ ಮುಲಾಜಿಲ್ಲದೆ ಹೇಳೋ ಮಾತು.

ನನ್ನ ಮಗ, ಸೊಸೆ ಹೊರದೇಶದಲ್ಲಿದ್ದಾರೆ. ತೋಟದ ಮನೆಯಲ್ಲಿ ನಾವಿಬ್ಬರೇ. ಮಲೆನಾಡಿನಲ್ಲಿ ಎಷ್ಟು ಮನೆ ಹೀಗಿದೆ ಅಂತ ಎಲ್ಲರಿಗೂ ಗೊತ್ತು. ಬಂದವರ ಲೆಕ್ಕ ಬರೆಸುವಾಗ ಹೋದವರ ಲೆಕ್ಕವನ್ನೂ ಬರೆಸಿ.

ಅಯ್ಯನಕೆರೆ ಏರಿ (ಚಿಕ್ಕಮಗಳೂರು)

ಎಲ್ಲ ಸರಿ, ಆದರೆ ಒಬ್ಬ ಪೋಷಕನಾಗಿ ಒಂದು ಮಾತು ಹೇಳಲೇಬೇಕು. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮ ಮದುವೆಯಾಗಿ ಬಂದಿದ್ದಕ್ಕೂ ದೇಶದ ಗಡಿ ದಾಟಿ ಬರೋದಕ್ಕೂ ಒಂದೇ ಹೆಸರು ಕೊಟ್ಟರೆ ಮಕ್ಕಳಿಗೆ ತಪ್ಪು ತಿಳಿವಳಿಕೆ ಆಗುತ್ತೆ. ಬಾಳ್ಳುಪೇಟೆಯಿಂದ ಸಕಲೇಶಪುರಕ್ಕೆ ಬರೋಕೆ ಯಾರ ಅಪ್ಪಣೆಯೂ ಬೇಡ. ಬೇರೆ ದೇಶಕ್ಕೆ ಹೋಗೋಕೆ ಪಾಸ್‌ಪೋರ್ಟ್, ವೀಸಾ ಬೇಕು. ಯಾರು ಒಳಗೆ ಬರಬಹುದು ಅಂತ ತೀರ್ಮಾನ ಮಾಡೋ ಹಕ್ಕು ಪ್ರತಿ ದೇಶಕ್ಕೂ ಇದೆ. ದಾಖಲೆ ಇಲ್ಲದೆ ಬಂದವರು ಇದ್ದಾರೆ ಅನ್ನೋದು ಸುಳ್ಳಲ್ಲ. ಕನಿಕರದ ಕತೆ ಮಾತ್ರ ಹೇಳಿ ಕಾನೂನಿನ ವಿಷಯ ಹಾರಿಸಿದರೆ ಮಕ್ಕಳು ಮತ್ತೆ ಮೊಬೈಲಿಗೇ ಹೋಗ್ತಾರೆ. ನನ್ನ ಮಗಳಿಗೆ ಎರಡೂ ಗೊತ್ತಿರಬೇಕು ಅಂತ ನನ್ನ ಆಸೆ.

ಹೇಮಾವತಿ ದಂಡೆ (ಸಕಲೇಶಪುರ)

ಬೇಜಾರು ಯಾಕೆ ಸರ್, ನೀವು ಹೇಳಿದ್ದು ಸರಿ. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡಿ ನೆಲೆಸೋ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ ಕೊಟ್ಟಿದೆ, ಗಡಿ ದಾಟಿದರೆ ಬೇರೆ ಕಾನೂನು. ಇದನ್ನು ಖಂಡಿತ ಹೇಳ್ತೀನಿ.

ಆದರೆ ಪಕ್ಕದಲ್ಲಿ ಕೂತವಳು ಯಾವ ದೇಶದವಳು ಅಂತ ತೀರ್ಪು ಕೊಡೋದು ಒಂಬತ್ತನೇ ತರಗತಿಯ ಹುಡುಗನ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ಅದಕ್ಕೆ ಸರ್ಕಾರ, ನ್ಯಾಯಾಲಯ ಇವೆ. ಭಾಷೆ ಕೇಳಿ ಹೇಳ್ತೀನಿ ಅಂದರೆ ಅದೂ ಆಗದು. ಬಂಗಾಳಿ ಆಡುವವರು ಪಶ್ಚಿಮ ಬಂಗಾಳದಲ್ಲಿದ್ದಾರೆ, ತ್ರಿಪುರಾದಲ್ಲಿದ್ದಾರೆ, ಅಸ್ಸಾಮಿನ ಬರಾಕ್ ಕಣಿವೆಯಲ್ಲಿದ್ದಾರೆ, ಬಾಂಗ್ಲಾದೇಶದಲ್ಲೂ ಇದ್ದಾರೆ. ತುಳು ಕೇಳಿದ ತಕ್ಷಣ ಇವರು ಮಂಗಳೂರಿನವರೋ ಕಾಸರಗೋಡಿನವರೋ ಅಂತ ಹೇಳೋಕಾಗುತ್ತಾ?

ಜನಗಣತಿ ಮೇಷ್ಟ್ರು (ಹಾಸನ)

ಆ ಗಡಿಯನ್ನೇ ಪಾಠ ಮಾಡಿ ಮೇಡಂ, ತಪ್ಪಿಸಿಕೊಳ್ಳಬೇಡಿ. ಹುಡುಗರು ಕೇಳಿದ ಪ್ರಶ್ನೆಗೆ ಭೂಗೋಳ ಕೊಡುವ ಉತ್ತರ ಅದು.

ಭಾರತ-ಬಾಂಗ್ಲಾ ಗಡಿ 4,096 ಕಿಲೋಮೀಟರ್. ನಮ್ಮ ದೇಶದ ಭೂಗಡಿಗಳಲ್ಲಿ ಇದೇ ಅತಿ ಉದ್ದ. ಪಶ್ಚಿಮ ಬಂಗಾಳ, ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ಐದಕ್ಕೂ ತಾಗುತ್ತೆ. 1947ರ ದೇಶ ವಿಭಜನೆಯಲ್ಲಿ ಬ್ರಿಟಿಷ್ ವಕೀಲ ರಾಡ್‌ಕ್ಲಿಫ್ ಎಳೆದ ಗೆರೆ ಜನ ಬಾಳುತ್ತಿದ್ದ ಊರು, ಗದ್ದೆಗಳ ನಡುವೆ ಹೋಯಿತು. ಒಂದು ದೇಶದ ಒಳಗೆ ಇನ್ನೊಂದು ದೇಶದ ಊರುಗಳು ಸಿಕ್ಕಿಹಾಕಿಕೊಂಡಿದ್ದವು. 2015ರಲ್ಲಿ ಅದಲು ಬದಲು ಮಾಡಿಕೊಂಡಾಗ ಭಾರತದ 111 ತುಂಡು ಜಾಗ ಬಾಂಗ್ಲಾದೇಶಕ್ಕೆ ಹೋದವು, ಅವರ 51 ತುಂಡು ನಮಗೆ ಬಂದವು. ಅಲ್ಲಿದ್ದ ಜನರಿಗೆ ಯಾವ ದೇಶ ಬೇಕು ಅಂತ ಆರಿಸಿಕೊಳ್ಳೋ ಅವಕಾಶ ಇತ್ತು. ಮನೆ ಅಲ್ಲೇ ಇದ್ದು ದೇಶ ಬದಲಾದವರೂ ಅದರಲ್ಲಿದ್ದಾರೆ. ಪಟ ಬಿಡಿಸಿ ತೋರಿಸಿದರೆ ಮಕ್ಕಳು ಕಣ್ಣು ಕೀಳೋಲ್ಲ.

ಬ್ರಹ್ಮಪುತ್ರ ಇನ್ನೊಂದು ಕತೆ. ಪ್ರಾಕೃತಿಕ ಭೂಗೋಳದಲ್ಲಿ ನದಿ ಕೊರೆತ ಅಂತ ಮಾಡ್ತೀವಿ, ಜನಸಂಖ್ಯೆಯಲ್ಲಿ ವಲಸೆ ಅಂತ ಮಾಡ್ತೀವಿ, ಎರಡಕ್ಕೂ ನಂಟು ಹಾಕೋದೇ ಇಲ್ಲ. 1950ರ ಆಗಸ್ಟ್ 15ರ ಭೂಕಂಪದಲ್ಲಿ ಗುಡ್ಡ ಕುಸಿದು ಹೂಳು ಬಂದು ನದಿಯ ಪಾತ್ರವೇ ಮೇಲೆದ್ದಿತು. ಅಂದಿನಿಂದ ದಂಡೆ ಕೊರೆತ ಜೋರಾಯಿತು. ಅಸ್ಸಾಂ 4 ಲಕ್ಷ ಹೆಕ್ಟೇರಿಗಿಂತ ಹೆಚ್ಚು ನೆಲ ನದಿಗೆ ಕಳೆದುಕೊಂಡಿದೆ. ನೆಲವೇ ಹೋದ ರೈತನಿಗೆ ಮಾರೋಕೂ ಏನೂ ಇರೋಲ್ಲ. ಅಂಥವನು ಕೂಲಿಗೆ ಎಲ್ಲಿಗೋ ಹೊರಡ್ತಾನೆ.

ಇದೂ ಹೇಳಿ: 19ನೇ ಶತಮಾನದಲ್ಲಿ ಬ್ರಿಟಿಷರು ಅಸ್ಸಾಮಿನ ಚಹಾ ತೋಟಗಳಿಗೆ ಛೋಟಾನಾಗಪುರದ ಕಡೆಯಿಂದ, ಅಂದರೆ ಇವತ್ತಿನ ಜಾರ್ಖಂಡ್ ಸುತ್ತಮುತ್ತಲಿಂದ ಆದಿವಾಸಿಗಳನ್ನು ಕರೆದೊಯ್ದರು. ಅವರ ಮರಿಮಕ್ಕಳು ಇವತ್ತು ಅಸ್ಸಾಮಿನವರೇ. ಅವರಲ್ಲೇ ಕೆಲವರು ಈಗ ನಮ್ಮ ಕಾಫಿ ತೋಟಕ್ಕೆ ಬಂದಿರಬಹುದು. ಆ ಕುಟುಂಬಕ್ಕೆ ಮೂಲ ಊರು ಅಂತ ಯಾವುದನ್ನು ಬರೆಯೋದು? ಪಿಯು ಮಕ್ಕಳಿಗೆ ಈ ಪ್ರಶ್ನೆ ಕೊಟ್ಟು ಬಿಡ್ತೀನಿ, ಒಳ್ಳೇ ಉತ್ತರಗಳು ಬರ್ತವೆ.

ಬಯಲುಸೀಮೆ (ಅರಸೀಕೆರೆ)

ನಮ್ಮ ಕಡೆ ತಾಂಡಾಗಳಿಂದ ಕಾಫಿ ಸೀಮೆಗೆ ಹೋಗೋದು ಈಗ್ಲೂ ಐತೆ ಮೇಡಂ. ಮಳೆ ಕೈ ಕೊಟ್ಟ ವರ್ಷ ಜಾಸ್ತಿ. ಅಪ್ಪ ಅಮ್ಮ ತೋಟಕ್ಕೆ ಹೋದ್ರೆ ಮಕ್ಕಳು ಅಜ್ಜಿ ಹತ್ರ ಇದ್ದು ಶಾಲೆಗೆ ಬರ್ತವೆ. ಹಾಗೆ ಉಳಿದ ಮಕ್ಕಳದ್ದೂ ವಲಸೆ ಪಾಠವೇ ಅಲ್ವಾ? ಯಾರೂ ಅವರ ಬಗ್ಗೆ ಹೇಳಲ್ಲ.

ಗೊರೂರು ಹಿನ್ನೀರು (ಹಾಸನ)

ನಮ್ಮದು ಮುಳುಗಡೆ ಕುಟುಂಬ. 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದು ನೀರು ನಿಂತಾಗ ನಮ್ಮ ಊರು ಹೋಯಿತು. ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಫೋಟೊ ತೆಗೆಯೋಕೆ ಈಗ ಎಲ್ಲೆಲ್ಲಿಂದಲೋ ಬರ್ತಾರೆ. ಅದರ ಸುತ್ತ ಮನೆಗಳಿದ್ದವು, ಹೊಲ ಇತ್ತು, ಅನ್ನೋದು ಬಂದವರಿಗೆ ಗೊತ್ತಾಗೋದು ಕಡಿಮೆ.

ನಮ್ಮ ತಾತ ಹೊರಡುವಾಗ ಮನೆಯ ಮುಂಬಾಗಿಲ ಹಲಸಿನ ಚೌಕಟ್ಟನ್ನು ಕಿತ್ತು ಗಾಡಿಗೆ ಹೇರಿಕೊಂಡು ಬಂದರಂತೆ. ಪರಿಹಾರದ ಜಾಗದಲ್ಲಿ ಕಟ್ಟಿದ ಮನೆಗೆ ಅದೇ ಚೌಕಟ್ಟು ಕೂರಿಸಿದರು. ಹೊಸ ಗೋಡೆಗೆ ಹಳೇ ಬಾಗಿಲು ಎತ್ತರವಾಗಿ ಮೇಲೆ ಒಂದು ಸಾಲು ಇಟ್ಟಿಗೆ ತೆಗೆಸಬೇಕಾಯಿತು. ಹೊಸ ಊರಿನವರು ನಮ್ಮನ್ನು ಬಹಳ ಕಾಲ 'ಮುಳುಗಡೆಯವರು' ಅಂತಲೇ ಕರೀತಿದ್ದರು. ನಾನು ಹುಟ್ಟಿದ್ದು ಆ ಹೊಸ ಊರಲ್ಲೇ, ಆದರೂ ಶಾಲೆಯಲ್ಲಿ ನನಗೂ ಅದೇ ಹೆಸರು.

ಮೇಡಂ, ಪಾಠದಲ್ಲಿ ಇದನ್ನು ಬೇರೆ ಮಾಡಿ ತೋರಿಸಿ. ಕೆಲಸ ಹುಡುಕಿ ತಾನಾಗಿ ಹೋಗೋನು, ದೇಶದೊಳಗೇ ಎಬ್ಬಿಸಿ ಕಳಿಸಿದವನು, ಜೀವಭಯಕ್ಕೆ ದೇಶ ಬಿಟ್ಟವನು ಮೂವರೂ ಒಂದೇ ಅಲ್ಲ. ಎರಡನೆಯದಕ್ಕೆ ನಾವಿದ್ದೀವಿ. 2001-02ರ ಸುಮಾರಿಗೆ ಭದ್ರಾ ಅಭಯಾರಣ್ಯದಿಂದ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಹೋದವರಿದ್ದಾರೆ. ಮೂರನೆಯದಕ್ಕೆ ದೂರ ಹೋಗೋದು ಬೇಡ, ಬೈಲಕುಪ್ಪೆಗೆ ಶಾಲಾ ಪ್ರವಾಸ ಹೋಗಿ ಚಿನ್ನದ ಬುದ್ಧ ನೋಡಿ ಬರ್ತೀವಲ್ಲ, ಆ ಟಿಬೆಟನ್ನರ ವಸತಿ ಶುರುವಾಗಿದ್ದು 1960ರ ದಶಕದ ಆರಂಭದಲ್ಲಿ, ಅವರು ನಿರಾಶ್ರಿತರಾಗಿ ಬಂದಾಗ.

ಜನಗಣತಿ ಮೇಷ್ಟ್ರು (ಹಾಸನ)

ಇದಕ್ಕೆ ಒಂದು ಸಾಲು ಸೇರಿಸ್ತೀನಿ. 1951ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ನಿರಾಶ್ರಿತ ಅಂದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪಿಗೆ ಸೇರಿದ್ದು ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರಿಂದಾಗಿ ಹಿಂಸೆಯಾಗುತ್ತೆ ಅನ್ನೋ ಭಯಕ್ಕೆ ಆಧಾರ ಇದ್ದು ತನ್ನ ದೇಶದಿಂದ ಹೊರಗಿರುವವನು. ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಕದೆಯೂ ಟಿಬೆಟನ್ನರಿಗೆ, ಶ್ರೀಲಂಕಾ ತಮಿಳರಿಗೆ ಜಾಗ ಕೊಟ್ಟಿದೆ. ಎರಡನ್ನೂ ಒಟ್ಟಿಗೇ ಹೇಳಬೇಕು.

ಹೊಸಬೆಳಕು (ಬೇಲೂರು)

ಎಲ್ಲರೂ ಬಂದವರ ಬಗ್ಗೆ ಬರೀತಿದ್ದೀರಿ, ನಾನು ಹೋಗುವವರ ಕಡೆಯವಳು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಕಡೆಯ ಹಕ್ಕಿಪಿಕ್ಕಿ ಹುಡುಗಿ. ಡಿಗ್ರಿ ಓದ್ತಿದ್ದೀನಿ.

ನಮ್ಮವರು ಗಿಡಮೂಲಿಕೆ ಎಣ್ಣೆ ಮಾರೋಕೆ ಆಫ್ರಿಕಾದ ದೇಶಗಳಿಗೆ ಹೋಗ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಸಮುದಾಯದವರು ಅಲ್ಲಿ ಸಿಕ್ಕಿಕೊಂಡಿದ್ದರು, ಭಾರತ ಸರ್ಕಾರ ಆಪರೇಷನ್ ಕಾವೇರಿ ಮಾಡಿ ಕರೆಸಿಕೊಂಡಿತು. ಆ ದಿನಗಳಲ್ಲಿ ನಮ್ಮ ಕಡೆ ಓದು ಬರದ ಅಜ್ಜಿಯರೂ ಖಾರ್ಟೂಮ್, ಪೋರ್ಟ್ ಸುಡಾನ್ ಅಂತ ಊರಿನ ಹೆಸರು ಹೇಳ್ತಾ ಫೋನ್ ಕಾಯ್ತಿದ್ದರು. ಟಿವಿಯಲ್ಲಿ ನಮ್ಮನ್ನು ತೋರಿಸಿ 'ಕನ್ನಡಿಗರು ಸಿಲುಕಿದ್ದಾರೆ' ಅಂದರು. ಊರಲ್ಲಿ ನಮ್ಮನ್ನು ಹಾಗೆ ಕರೆಯುವವರು ಕಡಿಮೆ, ಕೇಳಿ ಸಂತೋಷವಾಯಿತು.

ಒಂದು ಕೋರಿಕೆ ಇದೆ ಟೀಚರ್. ನಾನು ಓದಿದ ಶಾಲೆಯಲ್ಲಿ ಯಾರಾದರೂ ಅಧಿಕಾರಿಗಳು ಬಂದರೆ ನನ್ನನ್ನು ಎಬ್ಬಿಸಿ 'ನಿಮ್ಮ ಭಾಷೆ ಮಾತಾಡು' ಅನ್ನೋರು. ವಾಗ್ರಿಯಲ್ಲಿ ಏನಾದರೂ ಹೇಳ್ತಿದ್ದೆ, ಎಲ್ಲರೂ ನಗೋರು. ಹೊಗಳೋಕೇ ಕರೆದಿದ್ದರೂ ಆಮೇಲೆ ಆಟದ ಬಯಲಲ್ಲಿ ಹುಡುಗರು ಅದನ್ನೇ ಆಡಿ ತೋರಿಸೋರು. ನಿಮ್ಮ ಅಸ್ಸಾಮಿನ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಬೇಡಿ. 'ನೀನು ಬಂದ ಕತೆ ಹೇಳಮ್ಮ' ಅನ್ನಬೇಡಿ. ಅವಳಿಗೆ ಹೇಳಬೇಕು ಅನ್ನಿಸಿದ ದಿನ ಅವಳೇ ಹೇಳ್ತಾಳೆ. ಆ ದಿನದವರೆಗೂ ಉದಾಹರಣೆಗೆ ಬೇರೆ ಜನ ಬೇಕಾದಷ್ಟು ಇದ್ದಾರೆ, ಈ ಪುಟದಲ್ಲೇ ಎಷ್ಟು ಬಂದರು ನೋಡಿ.

ಕರಿಮೆಣಸು ಬಳ್ಳಿ (ಮೂಡಿಗೆರೆ)

ಮಗಳೇ, ಬಹಳ ದೊಡ್ಡ ಮಾತು ಹೇಳಿದೆ. ಚೆನ್ನಾಗಿ ಓದು.

ನಲಿಕಲಿ ಅಕ್ಕ (ಕೊಪ್ಪ)

ಪ್ರೌಢಶಾಲೆಗೆ ಬರೋ ಮುಂಚೆ ಆ ಮಕ್ಕಳು ನಮ್ಮ ಹತ್ತಿರ ಬರ್ತಾರೆ. ಕೊಯ್ಲಿನ ಹೊತ್ತಿಗೆ ಸೇರ್ತಾರೆ, ಕೆಲಸ ಮುಗಿದ ಮೇಲೆ ಕೆಲವರು ಹೇಳದೆ ಕೇಳದೆ ಹೋಗಿಬಿಡ್ತಾರೆ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸೋರೂ ಇದ್ದಾರೆ. ಹಾಗೆ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿಸಿ ತಡವಾಯಿತು ಅಂತಾಗಲಿ, ವಯಸ್ಸಿನ ದಾಖಲೆ ಇಲ್ಲ ಅಂತಾಗಲಿ ದಾಖಲಾತಿ ನಿರಾಕರಿಸಬಾರದು ಅಂತಿದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. 6ರಿಂದ 14ರ ಎಲ್ಲ ಮಕ್ಕಳಿಗೂ ಇದು ಅನ್ವಯ. ಪಾಠದ ದಿನ ಇದನ್ನೂ ಹೇಳಿ, ಮಕ್ಕಳು ಮನೆಗೆ ಹೋಗಿ ಹೇಳಿದರೆ ತೋಟದವರಿಗೂ ತಿಳಿಯುತ್ತೆ.

ಕನ್ನಡ ಬಹಳ ಬೇಗ ಹಿಡೀತಾರೆ ಆ ಮಕ್ಕಳು. ಮೊದಲು ಬರೋದು ಆಟದ ಮಾತು, ಆಮೇಲೆ ಊಟದ್ದು, ಕೊನೆಗೆ ಪುಸ್ತಕದ್ದು. ಆಸ್ಪತ್ರೆಯಲ್ಲಿ, ಸೊಸೈಟಿಯಲ್ಲಿ ಅಪ್ಪ ಅಮ್ಮನ ಪರವಾಗಿ ಮಾತಾಡೋದು ಅವರೇ.

ದೂರದ ಮಲ್ನಾಡ್ (ಊರು ಬಾಳೆಹೊನ್ನೂರು, ಈಗ ಮೆಲ್ಬರ್ನ್)

ಈ ಚರ್ಚೆ ಓದಿ ಬರೆಯದೆ ಇರೋಕಾಗಲಿಲ್ಲ. ಇಲ್ಲಿ ನನ್ನ ಮಗ ಎಂಟನೇ ತರಗತಿಯಲ್ಲಿ ಭೂಗೋಳದಲ್ಲಿ ಇದನ್ನೇ ಓದಿದ. ಆಸ್ಟ್ರೇಲಿಯಾದೊಳಗಿನ ವಲಸೆ, ಚೀನಾದಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ಹೋಗೋ ವಲಸೆ, ಹೊರದೇಶದಿಂದ ಇಲ್ಲಿಗೆ ಬರೋ ವಲಸೆ ಮೂರನ್ನೂ ಒಟ್ಟಿಗೆ ಮಾಡಿಸಿದರು. ನನಗೆ ಮೆಚ್ಚುಗೆಯಾಗಿದ್ದು, ಹಳೇ ಕೆಟ್ಟ ಕಾನೂನುಗಳನ್ನೂ ಮುಚ್ಚಿಡಲಿಲ್ಲ.

1850ರ ದಶಕದಲ್ಲಿ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಾಗ ಚೀನಾದಿಂದ ಜನ ಬಂದರು. ಅವರನ್ನು ತಡೆಯೋಕೆ 1855ರಲ್ಲಿ ಹಡಗಿಳಿಯುವ ಪ್ರತಿ ಚೀನೀಯನಿಗೆ 10 ಪೌಂಡ್ ತೆರಿಗೆ ಹಾಕಿದರು. ಜನ ಏನು ಮಾಡಿದರು? ಪಕ್ಕದ ಸೌತ್ ಆಸ್ಟ್ರೇಲಿಯಾದ ರೋಬ್ ಅನ್ನೋ ಸಣ್ಣ ಬಂದರಿನಲ್ಲಿ ಇಳಿದು ಅಲ್ಲಿಂದ ಚಿನ್ನದ ಗಣಿವರೆಗೆ ನೂರಾರು ಕಿಲೋಮೀಟರ್ ನಡೆದರು, ಸಾವಿರಾರು ಜನ. ಮಗನ ತರಗತಿಯಲ್ಲಿ ಆ ದಾರಿಯನ್ನು ಪಟದ ಮೇಲೆ ಗುರುತು ಮಾಡಿ, ನೀರು ಎಲ್ಲಿ ಸಿಗುತ್ತೆ, ಒಂದು ದಿನಕ್ಕೆ ಎಷ್ಟು ದೂರ ಹೋಗಬಹುದು ಅಂತ ಲೆಕ್ಕ ಹಾಕಿಸಿದ್ದರು. ಹಾಸನದ ಮೇಷ್ಟ್ರು ಹೇಳಿದ ಅಡೆತಡೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. 1901ರ ಕಾನೂನಿನಲ್ಲಿ ಅಧಿಕಾರಿ ಯಾವುದಾದರೂ ಯುರೋಪಿನ ಭಾಷೆಯಲ್ಲಿ 50 ಪದ ಉಕ್ತಲೇಖನ ಕೊಡಬಹುದಿತ್ತು, ಬರೆಯದಿದ್ದರೆ ಒಳಗೆ ಬಿಡೋಲ್ಲ. ಭಾಷೆ ಯಾವುದು ಅಂತ ಆರಿಸೋದು ಅಧಿಕಾರಿ. ಆ ಪರೀಕ್ಷೆ ಹೋಗಿದ್ದು 1958ರಲ್ಲಿ.

2021ರ ಜನಗಣತಿಯಲ್ಲಿ ಇಲ್ಲಿನ ನಿವಾಸಿಗಳು ಹುಟ್ಟಿದ ದೇಶಗಳ ಪಟ್ಟಿಯಲ್ಲಿ ಆಸ್ಟ್ರೇಲಿಯಾ, ಇಂಗ್ಲೆಂಡ್ ಆದ ಮೇಲೆ ಮೂರನೇ ಹೆಸರು ಭಾರತ. ಅಂದರೆ ಇಲ್ಲಿನ ಪಾಠಪುಸ್ತಕದ 'ಹೊರಗಿನಿಂದ ಬಂದವರು' ನಾವೇ. ನಮ್ಮಿಂದ ಮನೆ ಬಾಡಿಗೆ ಏರಿತು ಅಂತ ಬಸ್ಸಿನಲ್ಲಿ ಯಾರೋ ಗಟ್ಟಿಯಾಗಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೀನಿ. ಅದೇ ಮಾತನ್ನು ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಅಸ್ಸಾಮಿನವರ ಬಗ್ಗೆ ಓದಿದಾಗ ಹೊಟ್ಟೆ ಕಲಸಿದ ಹಾಗಾಗುತ್ತೆ.

ಅಯ್ಯನಕೆರೆ ಏರಿ (ಚಿಕ್ಕಮಗಳೂರು)

ಅಕ್ಕಾ, ನೀವು ವೀಸಾ ತಗೊಂಡು ಹೋದಿರಿ, ಅದು ದೊಡ್ಡ ವ್ಯತ್ಯಾಸ. ಅದನ್ನು ಬಿಡಬಾರದು. ಆದರೆ ಬಸ್ಸಿನಲ್ಲಿ ಆಡಿದವನು ನಿಮ್ಮ ವೀಸಾ ನೋಡಿ ಆಡಲಿಲ್ಲ ಅನ್ನೋದೂ ನಿಜ. ನನ್ನ ಮಗಳಿಗೆ ಆ ರೋಬ್ ಬಂದರಿನ ಕತೆ ಹೇಳ್ತೀನಿ.

ಜನಗಣತಿ ಮೇಷ್ಟ್ರು (ಹಾಸನ)

ಪ್ರಪಂಚದ ಲೆಕ್ಕ ಈಗ ಹೇಳೋದು ಸರಿಯಾದ ಹೊತ್ತು. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಇದ್ದವರು ಸುಮಾರು 28 ಕೋಟಿ, ಜಗತ್ತಿನ ಜನಸಂಖ್ಯೆಯ ಶೇ 3.6. ಅವರಲ್ಲಿ ಅತಿ ಹೆಚ್ಚು ಜನ ಹೊರಟಿದ್ದು ಭಾರತದಿಂದ, ಸುಮಾರು 1.8 ಕೋಟಿ. ಮಕ್ಕಳಿಗೆ ಮೊದಲು ಊಹೆ ಮಾಡೋಕೆ ಹೇಳಿ, ಆಮೇಲೆ ಅಂಕಿ ಬರೆಯಿರಿ. ನನ್ನ ತರಗತಿಯಲ್ಲಿ ಶೇ 30, ಶೇ 40 ಅಂತೆಲ್ಲ ಹೇಳ್ತಾರೆ.

ರಾವೆನ್‌ಸ್ಟೀನ್ ಅನ್ನೋ ಭೂಗೋಳಜ್ಞ 1885ರಲ್ಲೇ ಬ್ರಿಟನ್ನಿನ ಜನಗಣತಿ ನೋಡಿ, ಬಹುಪಾಲು ಜನ ಹತ್ತಿರದ ಊರಿಗೇ ಹೋಗ್ತಾರೆ, ಪ್ರತಿ ಹರಿವಿಗೂ ಒಂದು ಮರುಹರಿವು ಇರುತ್ತೆ ಅಂತ ಹೇಳಿದ್ದ. ಮೂಡಿಗೆರೆಯವರು ಹೇಳಿದ ಘಟ್ಟ ಹತ್ತೋ ಇಳಿಯೋ ಲೆಕ್ಕಕ್ಕೆ ಅದು ಚೆನ್ನಾಗಿ ಹೊಂದುತ್ತೆ.

ಒಂದು ಸಲಹೆ: ಬಾಬಾಬುಡನ್ ತಂದ ಕಾಫಿ ಬೀಜದಿಂದ ಪಾಠ ಶುರು ಮಾಡೋದು ನಮ್ಮ ಕಡೆ ವಾಡಿಕೆ. ಕತೆ ಚೆಂದ, ಆದರೆ ಮಕ್ಕಳು ಅದನ್ನು ಸಾಕಷ್ಟು ಸಲ ಕೇಳಿದ್ದಾರೆ. ಈ ಸಲ ಬೀಜಕ್ಕಿಂತ ಹಣ್ಣು ಕುಯ್ದವರ ದಾರಿ ಹಿಡಿಯಿರಿ.

ಹೇಮಾವತಿ ದಂಡೆ (ಸಕಲೇಶಪುರ)

ಎಲ್ಲರಿಗೂ ಧನ್ಯವಾದ. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಹೀಗೆ ಮಾಡೋಣ ಅಂತಿದ್ದೀನಿ.

ಮೊದಲ ದಿನ ಅಮ್ಮ, ಅಜ್ಜಿ ಹುಟ್ಟಿದ ಊರು. ಚೀಟಿಯಲ್ಲಿ ಊರಿನ ಹೆಸರು ಮಾತ್ರ, ಮಗುವಿನ ಹೆಸರಿಲ್ಲ. ಎಲ್ಲ ಚೀಟಿ ಒಂದು ಡಬ್ಬಿಗೆ. ಗೋಡೆಗೆ ದೊಡ್ಡ ಪಟ ಅಂಟಿಸಿ, ತಾಲ್ಲೂಕಿನೊಳಗಿಂದ ಬಂದಿದ್ದು, ಜಿಲ್ಲೆ ದಾಟಿದ್ದು, ರಾಜ್ಯ ದಾಟಿದ್ದು ಅಂತ ಬೇರೆ ಬೇರೆ ಬಣ್ಣದ ದಾರ ಎಳೆಸ್ತೀನಿ. ಹೆಸರು ಬೇಡ ಅನ್ನೋದು ಬೇಲೂರಿನ ಹುಡುಗಿ ಬರೆದಿದ್ದನ್ನು ಓದಿದ ಮೇಲೆ ತೀರ್ಮಾನ ಮಾಡಿದ್ದು. ಊರು ಬರೆಯೋಕೆ ಇಷ್ಟವಿಲ್ಲದವರು ಖಾಲಿ ಚೀಟಿ ಹಾಕಬಹುದು.

ಎರಡನೇ ದಿನ ಎರಡು ಬೆಳೆಯ ಕ್ಯಾಲೆಂಡರ್, ಭತ್ತದ್ದು ಕಾಫಿಯದ್ದು. ಆಮೇಲೆ ಹೋದವರ ಪಟ: ಬೆಂಗಳೂರು, ಗಲ್ಫ್, ಮೆಲ್ಬರ್ನ್, ಸುಡಾನ್. ಗಡಿ, ಪಾಸ್‌ಪೋರ್ಟ್, ನಿರಾಶ್ರಿತರು, ರಾಡ್‌ಕ್ಲಿಫ್ ಗೆರೆ, ಬ್ರಹ್ಮಪುತ್ರ ಎಲ್ಲ ಕೊನೆಗೆ. ಅಷ್ಟು ಹೊತ್ತಿಗೆ ಮಕ್ಕಳ ಕೈಯಲ್ಲಿ ಎಲ್ಲಿಂದ, ಯಾವಾಗ, ಯಾಕೆ, ಯಾವ ದಾರಿಯಲ್ಲಿ, ನಡುವೆ ಅಡ್ಡ ಬಂದದ್ದೇನು ಅನ್ನೋ ಪ್ರಶ್ನೆಗಳು ಇರ್ತವೆ. 'ಬಾಂಗ್ಲಾದವರಾ?' ಅಂತ ಕೇಳಿದ ಹುಡುಗನಿಗೂ ಆ ಪ್ರಶ್ನೆಗಳನ್ನೇ ಕೊಟ್ಟು ಅವನಿಂದಲೇ ಉತ್ತರ ಹುಡುಕಿಸ್ತೀನಿ. ಅರಸೀಕೆರೆಯವರು ಹೇಳಿದ, ಅಜ್ಜಿ ಹತ್ತಿರ ಉಳಿದ ಮಕ್ಕಳ ವಿಷಯಕ್ಕೆ ಒಂದು ಪೀರಿಯಡ್ ಬೇಕೇ ಬೇಕು. ಸಿಲಬಸ್ ಮುಗಿಸೋದು ಹೇಗೆ ಅಂತ ಮುಖ್ಯೋಪಾಧ್ಯಾಯರು ಕೇಳ್ತಾರೆ, ಶನಿವಾರಗಳನ್ನು ಬಳಸಿಕೊಳ್ತೀನಿ.

ಕರಿಮೆಣಸು ಬಳ್ಳಿ (ಮೂಡಿಗೆರೆ)

ಟೀಚರಮ್ಮ, ನಮ್ಮ ಅಟ್ಟದ ಮೇಲೆ ತಾತನ ಕಾಲದ ಚೆಕ್‌ರೋಲ್ ಪುಸ್ತಕಗಳಿವೆ. ಹಾಜರಿ, ಮುಂಗಡ, ಮೇಸ್ತ್ರಿ ಹೆಸರು ಎಲ್ಲ ಮೋಡಿ ಅಕ್ಷರದ ಹಾಗೆ ಒತ್ತಿ ಬರೆದಿದ್ದಾರೆ. ಕೆಲವು ಕಡೆ ಹೆಸರಿನ ಪಕ್ಕ ಊರೂ ಇದೆ: ಬೆಳ್ತಂಗಡಿ, ಬಂಟ್ವಾಳ, ಉಪ್ಪಿನಂಗಡಿ. ಒಂದಷ್ಟು ಪುಟ ಹುಳ ತಿಂದಿದೆ, ಉಳಿದದ್ದು ಓದಬಹುದು. ಮಕ್ಕಳಿಗೆ ತೋರಿಸೋಕೆ ಬೇಕಾ?

ಜನಗಣತಿ ಮೇಷ್ಟ್ರು (ಹಾಸನ)

ಖಂಡಿತ ಬೇಕು ಸರ್, ಇಂಥದ್ದು ಎಲ್ಲೂ ಸಿಗೋಲ್ಲ. ಆದರೆ ಪುಟಗಳ ಫೋಟೊ ಇಲ್ಲಿ ಹಾಕಬೇಡಿ. ಸಾಲದ ಲೆಕ್ಕ ಇರುತ್ತೆ, ಅವರ ಮೊಮ್ಮಕ್ಕಳು ಅದೇ ತರಗತಿಯಲ್ಲಿ ಕೂತಿರಬಹುದು. ವರ್ಷ, ತಿಂಗಳು, ಊರು ಇಷ್ಟನ್ನೇ ಬೇರೆ ಹಾಳೆಗೆ ಇಳಿಸಿ ಕೊಡಿ. ಒಂದು ಊರಿನಿಂದ ಎಷ್ಟು ಜನ ಬಂದರು ಅನ್ನೋದಕ್ಕೆ ತಕ್ಕ ಹಾಗೆ ಗೆರೆ ದಪ್ಪ ಮಾಡಿ ಹರಿವಿನ ನಕ್ಷೆ ಬರೆಸಬಹುದು.

ಕರಿಮೆಣಸು ಬಳ್ಳಿ (ಮೂಡಿಗೆರೆ)

ಸರಿ, ಹೆಸರು ಬಿಟ್ಟು ಇಳಿಸ್ತೀನಿ. ನನಗೆ ಕಣ್ಣು ಮಂಜು, ನಮ್ಮ ರೈಟರ ಮಗಳು ಪಿಯು ಓದ್ತಿದ್ದಾಳೆ, ಅವಳನ್ನು ಕೂರಿಸಿಕೊಂಡು ಬರೆಸ್ತೀನಿ. ರೋಬಸ್ಟಾ ಕೊಯ್ಲು ಮುಗಿಯೋವರೆಗೂ ಪುರುಸೊತ್ತಿಲ್ಲ, ಆಮೇಲೆ ಮೊದಲ ಕೆಲಸ ಇದೇ.

ಹೇಮಾವತಿ ದಂಡೆ (ಸಕಲೇಶಪುರ)

ಆಗಲಿ ಸರ್, ಹರಿವಿನ ನಕ್ಷೆಯನ್ನು ಕೊನೆಗೆ ಇಟ್ಟುಕೊಳ್ತೀನಿ. ಜನಗಣತಿ ಮೇಷ್ಟ್ರೇ, ತಾಲ್ಲೂಕು ಗಡಿ ಇರೋ ಖಾಲಿ ನಕ್ಷೆ, ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಮೂರೂ ಒಂದೇ ಹಾಳೆಯಲ್ಲಿ ಬರೋ ಹಾಗಿದ್ದರೆ ಕಳಿಸಿ. ನಮ್ಮ ಶಾಲೆಯಲ್ಲಿರೋದು ರಾಜ್ಯದ ನಕ್ಷೆ, ಅದರಲ್ಲಿ ಚಾರ್ಮಾಡಿ ಒಂದು ಚುಕ್ಕೆಯಷ್ಟೂ ಕಾಣೋಲ್ಲ.